ಪರ್ಲ್ ಬಾರ್ಲಿ: ಹೆಸರಿನ ಗೊಂದಲ, ಆರೋಗ್ಯದ ಪ್ರಯೋಜನ, ಅಡುಗೆಯ ಬಳಕೆ

ಸಾಂಗಲಿ ಮತ್ತು ಮಿರಜ ಪರಿಸರದ ಕನ್ನಡಿಗರ ದಿನನಿತ್ಯದ ಧಾನ್ಯ ಜೋಳ. ಹಬ್ಬಕ್ಕೆ ಗೋಧಿ, ಅತಿಥಿಗಳಿಗೆ ಅಕ್ಕಿ. ಬಾರ್ಲಿ ಈ ಸಾಲಿನಲ್ಲಿ ಸೇರಿದ್ದು ಬಹುಮಟ್ಟಿಗೆ ಪಥ್ಯದ ಆಹಾರವಾಗಿ. ಮಿರಜದಲ್ಲಿ ವಿಲಿಯಂ ವಾನ್ಲೆಸ್ ಅವರು 1894ರಲ್ಲಿ ಮಿಷನ್ ಆಸ್ಪತ್ರೆಯನ್ನು ಆರಂಭಿಸಿದಂದಿನಿಂದ ಈ ಊರು ವೈದ್ಯಕೀಯ ಕೇಂದ್ರವಾಗಿ ಬೆಳೆಯಿತು. 1962ರಲ್ಲಿ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯವೂ ಇಲ್ಲಿ ಸ್ಥಾಪನೆಯಾಯಿತು. ಜತ್ತ ತಾಲೂಕಿನ ಕನ್ನಡ ಹಳ್ಳಿಗಳಿಂದಲೂ, ಗಡಿಯಾಚೆಯ ಬೆಳಗಾವಿ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳಿಂದಲೂ ರೋಗಿಗಳು ಇಂದಿಗೂ ಮಿರಜಕ್ಕೆ ಬರುತ್ತಾರೆ. ಮಧುಮೇಹ, ರಕ್ತದಲ್ಲಿ ಕೊಬ್ಬಿನ ಹೆಚ್ಚಳ, ಮೂತ್ರದ ಹರಳು, ಮಲಬದ್ಧತೆ ಇವುಗಳಲ್ಲಿ ಯಾವುದೇ ತೊಂದರೆ ಇದ್ದರೂ ವೈದ್ಯರಿಂದಲೋ ಬಂಧುಗಳಿಂದಲೋ ಕೇಳಿಬರುವ ಸಲಹೆಗಳಲ್ಲಿ ಬಾರ್ಲಿಯ ಹೆಸರು ಇದ್ದೇ ಇರುತ್ತದೆ.

ಆದರೆ ಈ ಸಲಹೆ ಮರಾಠಿಯಲ್ಲಿ ಹೊರಟು, ಕನ್ನಡದಲ್ಲಿ ಮನೆ ತಲುಪಿ, ಮತ್ತೆ ಮರಾಠಿಯಲ್ಲಿ ಕಿರಾಣಿ ಅಂಗಡಿಗೆ ಹೋಗುವಷ್ಟರಲ್ಲಿ ಧಾನ್ಯವೇ ಬದಲಾಗಿಬಿಡುವ ಸಾಧ್ಯತೆ ಇದೆ. ಸರಿಯಾದ ಧಾನ್ಯವನ್ನೇ ತಂದರೂ ಅದನ್ನು ಕುದಿಸಿ, ಸೋಸಿ, ಸಕ್ಕರೆ ಬೆರೆಸಿ, ನೀರನ್ನಷ್ಟೇ ಕುಡಿದು ಕಾಳನ್ನು ಚೆಲ್ಲುವುದು ಅನೇಕ ಮನೆಗಳ ರೂಢಿ. ಹೀಗಾದಾಗ ಬಾರ್ಲಿಯ ಮುಖ್ಯ ಪ್ರಯೋಜನ ಕೈತಪ್ಪುತ್ತದೆ. ಆದ್ದರಿಂದ ಈ ಲೇಖನದಲ್ಲಿ ಮೊದಲು ಹೆಸರುಗಳನ್ನು ಬಿಡಿಸಿ, ಬಳಿಕ ಪೋಷಕಾಂಶ, ಅಡುಗೆ ಮತ್ತು ಎಚ್ಚರಿಕೆಗಳನ್ನು ಕ್ರಮವಾಗಿ ವಿವರಿಸಲಾಗಿದೆ.

ಜವೆ, ಜವ, ಜವಸ, ಸಾತು, ಖಪಲಿ

ಬಾರ್ಲಿಯ ಸಸ್ಯಶಾಸ್ತ್ರೀಯ ಹೆಸರು ಹಾರ್ಡಿಯಮ್ ವಲ್ಗೇರ್. ಸಂಸ್ಕೃತದಲ್ಲಿ ಇದು ಯವ. ಕನ್ನಡದ ‘ಜವೆ’, ಮರಾಠಿಯ ‘ಜವ’ ಎರಡೂ ಈ ಯವದ ತದ್ಭವಗಳು. ಗ್ರಾಂಥಿಕ ಕನ್ನಡದಲ್ಲಿ ‘ಜವೆಗೋಧಿ’ ಎಂದರೆ ಬಾರ್ಲಿ ಎಂದೇ ಅರ್ಥ. ಮರಾಠಿಯಲ್ಲಿ ಇದಕ್ಕೆ ‘ಸಾತು’ ಎಂಬ ಇನ್ನೊಂದು ಹೆಸರೂ ಇದೆ.

ತೊಡಕು ಇಲ್ಲಿಂದಲೇ ಆರಂಭವಾಗುತ್ತದೆ. ಉತ್ತರ ಕರ್ನಾಟಕ ಮತ್ತು ಗಡಿಭಾಗದ ಆಡುಮಾತಿನಲ್ಲಿ ‘ಜವೆಗೋಧಿ’ ಅಥವಾ ‘ಜವಿಗೋಧಿ’ ಎಂದಾಗ ಹಿರಿಯರ ಮನಸ್ಸಿಗೆ ಬರುವುದು ಬಾರ್ಲಿಯಲ್ಲ, ಹುಗ್ಗಿ ಮಾಡುವ ಉದ್ದನೆಯ ಕೆಂಪು ಗೋಧಿ. ಅದು ಟ್ರಿಟಿಕಮ್ ಡೈಕೋಕಮ್ ಎಂಬ ಪ್ರಾಚೀನ ಗೋಧಿ. ಮರಾಠಿಯಲ್ಲಿ ಅದರ ಹೆಸರು ‘ಖಪಲಿ’. ಕರ್ನಾಟಕದ ಕೆಲವೆಡೆ ‘ಸದಕ’ ಎಂದೂ ಕರೆಯುತ್ತಾರೆ. ಸಾಂಗಲಿ, ಸಾತಾರಾ, ಕೊಲ್ಹಾಪುರ ಮತ್ತು ಬೆಳಗಾವಿ ಜಿಲ್ಲೆಗಳು ಖಪಲಿಯ ಸಾಂಪ್ರದಾಯಿಕ ಬೆಳೆ ಪ್ರದೇಶಗಳು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಪುಣೆಯ ಆಘಾರಕರ ಸಂಶೋಧನಾ ಸಂಸ್ಥೆ ಇದರ ಸುಧಾರಿತ ತಳಿಗಳನ್ನು ರೂಪಿಸಿವೆ. ಇದಕ್ಕೆ ವಿರುದ್ಧವಾಗಿ ಬಾರ್ಲಿ ನಮ್ಮ ಕಡೆಯ ಬೆಳೆಯಲ್ಲ. ಅದು ಮುಖ್ಯವಾಗಿ ರಾಜಸ್ಥಾನ, ಉತ್ತರ ಪ್ರದೇಶ, ಮಧ್ಯಪ್ರದೇಶ, ಹರಿಯಾಣಗಳ ಹಿಂಗಾರು ಬೆಳೆ. ಅಲ್ಲಿಂದಲೇ ನಮ್ಮ ಪೇಟೆಗೆ ಬರುತ್ತದೆ.

ಮೂರನೆಯ ತೊಡಕು ‘ಜವಸ’. ಮರಾಠಿಯಲ್ಲಿ ಜವಸ ಎಂದರೆ ಅಗಸಿ. ಚಟ್ನಿಪುಡಿ ಮಾಡುವ ಈ ಎಣ್ಣೆಕಾಳಿಗೂ ಬಾರ್ಲಿಗೂ ಯಾವ ಸಂಬಂಧವೂ ಇಲ್ಲ. ‘ಜವ’ ಎಂದು ಕೇಳಿದವರ ಚೀಲಕ್ಕೆ ‘ಜವಸ’ ಬೀಳಲು ಒಂದಕ್ಷರದ ವ್ಯತ್ಯಾಸ ಸಾಕು.

ನಾಲ್ಕನೆಯದು ‘ಸಾತೂಚ ಪೀಠ’. ಹೆಸರು ಸಾತು ಆದರೂ ಮಹಾರಾಷ್ಟ್ರದ ಮನೆಗಳಲ್ಲಿ ಈ ಹಿಟ್ಟನ್ನು ಹೆಚ್ಚಾಗಿ ಹುರಿದ ಗೋಧಿ ಮತ್ತು ಪುಠಾಣಿಯಿಂದ ಮಾಡುತ್ತಾರೆ. ಅದರಲ್ಲಿ ಬಾರ್ಲಿ ಇರಬಹುದು, ಇಲ್ಲದಿರಬಹುದು. ಉತ್ತರ ಭಾರತದ ‘ಸತ್ತು’ ಸಾಮಾನ್ಯವಾಗಿ ಹುರಿದ ಕಡಲೆಯ ಹಿಟ್ಟು. ಆದ್ದರಿಂದ ಸಾತಿನ ಹಿಟ್ಟನ್ನು ಬಾರ್ಲಿ ಹಿಟ್ಟೆಂದು ಭಾವಿಸುವ ಮುನ್ನ ಪೊಟ್ಟಣದ ಮೇಲಿನ ಪದಾರ್ಥಗಳ ಪಟ್ಟಿಯನ್ನು ಓದಬೇಕು.

ಕಣ್ಣಿನಿಂದ ಗುರುತಿಸುವುದು ಹೇಗೆ? ಪರ್ಲ್ ಬಾರ್ಲಿಯ ಕಾಳು ದಂತದ ಬಣ್ಣದ್ದು, ಗಿಡ್ಡ, ದುಂಡು. ನಡುವೆ ಉದ್ದಕ್ಕೂ ಕಂದು ಬಣ್ಣದ ಒಂದು ಗೆರೆ ಇರುತ್ತದೆ. ಖಪಲಿಯ ಕಾಳು ಉದ್ದ, ತೆಳು, ಕೆಂಪು ಛಾಯೆಯದು. ಎರಡೂ ತುದಿ ಚೂಪಾಗಿದ್ದು ಹಲ್ಲಿಗೆ ಗಟ್ಟಿಯಾಗಿ ಸಿಗುತ್ತದೆ. ಅಗಸಿ ಚಪ್ಪಟೆ, ನುಣುಪು, ಕಂದು ಬಣ್ಣ, ಹೊಳಪು. ಅಂಗಡಿಯಲ್ಲಿ ‘ಬಾರ್ಲಿ’ ಎಂಬ ಇಂಗ್ಲಿಷ್ ಹೆಸರನ್ನೇ ಹೇಳಿ, ಕಾಳನ್ನು ಅಂಗೈಯಲ್ಲಿ ಹಾಕಿಸಿಕೊಂಡು ನೋಡುವುದು ಅತ್ಯಂತ ನಿಶ್ಚಿತವಾದ ಮಾರ್ಗ.

‘ಪರ್ಲ್’ ಎಂದರೇನು?

ಬಾರ್ಲಿಯ ಕಾಳಿಗೆ ಗಟ್ಟಿಯಾದ ಹೊಟ್ಟು ಅಂಟಿಕೊಂಡಿರುತ್ತದೆ. ಗೋಧಿಯಂತೆ ಒಕ್ಕಣೆಯಲ್ಲಿ ಅದು ಬಿಟ್ಟುಹೋಗುವುದಿಲ್ಲ. ಹೊಟ್ಟು ಸಹಿತವಾದ ಕಾಳು ಪೂಜೆಗೆ, ದನದ ಮೇವಿಗೆ, ಮಾಲ್ಟ್ ತಯಾರಿಕೆಗೆ ಬಳಕೆಯಾಗುತ್ತದೆ. ಹಾಗೆಯೇ ಬೇಯಿಸಿ ತಿನ್ನಲಾಗದು. ಹೊಟ್ಟನ್ನು ಮಾತ್ರ ತೆಗೆದು ತವುಡನ್ನು ಉಳಿಸಿದರೆ ಅದು ಇಡಿ ಬಾರ್ಲಿ. ಯಂತ್ರದಲ್ಲಿ ಉಜ್ಜಿ ಹೊಟ್ಟಿನೊಂದಿಗೆ ತವುಡನ್ನೂ ತೆಗೆದು ಮುತ್ತಿನಂತೆ ಹೊಳಪು ಬರಿಸಿದರೆ ಅದು ಪರ್ಲ್ ಬಾರ್ಲಿ. ಕಿರಾಣಿ ಅಂಗಡಿಗಳಲ್ಲಿ ಬಾರ್ಲಿ ಎಂದು ಸಾಮಾನ್ಯವಾಗಿ ದೊರೆಯುವುದು ಇದೇ.

ಪಾಲಿಶ್ ಮಾಡಿದ ಧಾನ್ಯದಲ್ಲಿ ನಾರು ಉಳಿಯುವುದಿಲ್ಲ ಎಂಬುದು ಅಕ್ಕಿಯ ಮಟ್ಟಿಗೆ ಬಹುಪಾಲು ನಿಜ. ಬಾರ್ಲಿಯ ವಿಷಯದಲ್ಲಿ ಹಾಗಲ್ಲ. ಅದರ ವಿಶೇಷ ನಾರಾದ ಬೀಟಾ-ಗ್ಲೂಕನ್ ತವುಡಿನಲ್ಲಿ ಮಾತ್ರವಲ್ಲದೆ ಕಾಳಿನ ಒಳಗಿನ ಪಿಷ್ಟಭಾಗದಲ್ಲೆಲ್ಲ ಹರಡಿಕೊಂಡಿದೆ. ಆದಕಾರಣ ಪರ್ಲ್ ಮಾಡಿದ ಮೇಲೂ ಅದರ ದೊಡ್ಡ ಪಾಲು ಉಳಿಯುತ್ತದೆ. ಕಳೆದುಹೋಗುವುದು ತವುಡಿನ ಕರಗದ ನಾರು, ಕೆಲವು ಬಿ ಜೀವಸತ್ವಗಳು ಮತ್ತು ಖನಿಜಗಳ ಒಂದಂಶ.

ಪೋಷಕಾಂಶಗಳ ಲೆಕ್ಕ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಭಾರತೀಯ ಆಹಾರಗಳ ಸಂಯೋಜನೆಯ ಕೋಷ್ಟಕಗಳ ಪ್ರಕಾರ, ಬೇಯಿಸದ 100 ಗ್ರಾಂ ಧಾನ್ಯದಲ್ಲಿ ಇರುವ ನಾರು ಮತ್ತು ಪ್ರೋಟೀನು ಸುಮಾರಾಗಿ ಹೀಗಿವೆ:

ಬಾರ್ಲಿ: ನಾರು 15.6 ಗ್ರಾಂ, ಪ್ರೋಟೀನು 10.9 ಗ್ರಾಂ
ಜೋಳ: ನಾರು 10.2 ಗ್ರಾಂ, ಪ್ರೋಟೀನು 10 ಗ್ರಾಂ
ಪಾಲಿಶ್ ಮಾಡಿದ ಅಕ್ಕಿ: ನಾರು 2.8 ಗ್ರಾಂ, ಪ್ರೋಟೀನು 7.9 ಗ್ರಾಂ

ಈ ಮೂರು ಸಾಲುಗಳಲ್ಲಿ ನಮ್ಮ ಭಾಗದ ಓದುಗರಿಗೆ ಬೇಕಾದ ಮುಖ್ಯ ಪಾಠ ಅಡಗಿದೆ. ಬಿಳಿಜೋಳದ ರೊಟ್ಟಿ ಉಣ್ಣುವ ಮನೆಯಲ್ಲಿ ಆ ರೊಟ್ಟಿಯನ್ನು ಬಿಟ್ಟು ಬಾರ್ಲಿಗೆ ಹೋಗುವುದರಿಂದ ದೊರೆಯುವ ಲಾಭ ಸಣ್ಣದು. ಅನ್ನದ ಜಾಗದಲ್ಲಿ ಬಾರ್ಲಿ ಇಟ್ಟರೆ ಲಾಭ ದೊಡ್ಡದು. 50 ಗ್ರಾಂ ಅಕ್ಕಿಯ ಅನ್ನದಿಂದ ಸುಮಾರು 1.4 ಗ್ರಾಂ ನಾರು ಸಿಕ್ಕರೆ, ಅಷ್ಟೇ ತೂಕದ ಬಾರ್ಲಿಯಿಂದ 7.8 ಗ್ರಾಂ ಸಿಗುತ್ತದೆ. ವಯಸ್ಕರು ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಸೇವಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅಂದರೆ ಒಂದು ಹೊತ್ತಿನ ಬದಲಾವಣೆಯಿಂದಲೇ ದಿನದ ಅಗತ್ಯದ ಕಾಲುಭಾಗಕ್ಕಿಂತ ಹೆಚ್ಚು ನಾರು ದೊರೆಯುತ್ತದೆ. ರೊಟ್ಟಿ ಉಳಿಯಲಿ, ಅನ್ನದ ಪಾಲು ಬದಲಾಗಲಿ ಎಂಬುದೇ ಇದರ ಸಾರ.

ಇದಲ್ಲದೆ ಬಾರ್ಲಿಯಲ್ಲಿ ಸೆಲೆನಿಯಂ, ಮೆಗ್ನೀಸಿಯಂ, ರಂಜಕ, ಕಬ್ಬಿಣ ಮತ್ತು ನಯಾಸಿನ್ ಇವೆ. ಕೊಬ್ಬಿನಂಶ ತೀರ ಕಡಿಮೆ.

ದೇಹದಲ್ಲಿ ಬಾರ್ಲಿ ಮಾಡುವ ಕೆಲಸ

ಬೀಟಾ-ಗ್ಲೂಕನ್ ನೀರಿನಲ್ಲಿ ಕರಗುವ ನಾರು. ಜಠರ ಮತ್ತು ಸಣ್ಣ ಕರುಳಿನಲ್ಲಿ ಅದು ನೀರನ್ನು ಹೀರಿ ಗಂಜಿಯಂಥ ದಪ್ಪನೆಯ ದ್ರವವಾಗುತ್ತದೆ. ಬೇಯಿಸಿದ ಬಾರ್ಲಿಯನ್ನು ಆರಲು ಬಿಟ್ಟಾಗ ಅದು ಲೋಳೆಯಂತಾಗುವುದನ್ನು ಗಮನಿಸಿದರೆ ಹೊಟ್ಟೆಯೊಳಗೆ ನಡೆಯುವ ಕ್ರಿಯೆಯನ್ನು ಊಹಿಸಬಹುದು. ಮುಖ್ಯವಾದ ನಾಲ್ಕು ಪರಿಣಾಮಗಳಿವೆ.

ಮೊದಲನೆಯದು ರಕ್ತದ ಸಕ್ಕರೆಗೆ ಸಂಬಂಧಿಸಿದ್ದು. ದಪ್ಪ ದ್ರವದಲ್ಲಿ ಪಿಷ್ಟ ಮೆಲ್ಲಗೆ ಜೀರ್ಣವಾಗುತ್ತದೆ, ಸಕ್ಕರೆ ಮೆಲ್ಲಗೆ ರಕ್ತ ಸೇರುತ್ತದೆ. ಆಹಾರವು ರಕ್ತದ ಸಕ್ಕರೆಯನ್ನು ಏರಿಸುವ ವೇಗವನ್ನು ಅಳೆಯುವ ಗ್ಲೈಸಿಮಿಕ್ ಸೂಚ್ಯಂಕದಲ್ಲಿ 55 ಮತ್ತು ಅದಕ್ಕಿಂತ ಕೆಳಗಿನದು ಕಡಿಮೆ, 70 ಮತ್ತು ಅದಕ್ಕಿಂತ ಮೇಲಿನದು ಹೆಚ್ಚು. ಬೇಯಿಸಿದ ಪರ್ಲ್ ಬಾರ್ಲಿಯ ಸೂಚ್ಯಂಕ 25ರಿಂದ 30ರ ಆಸುಪಾಸಿನಲ್ಲಿದ್ದು, ಧಾನ್ಯಗಳಲ್ಲೇ ಅತಿ ಕಡಿಮೆಯವುಗಳಲ್ಲಿ ಒಂದಾಗಿದೆ. ಪ್ರಮೇಹದ ರೋಗಿಗೆ ಯವವೇ ಪ್ರಧಾನ ಆಹಾರವಾಗಿರಬೇಕೆಂದು ಚರಕಸಂಹಿತೆಯೂ ವಿಧಿಸುತ್ತದೆ.

ಎರಡನೆಯದು ಕೊಲೆಸ್ಟ್ರಾಲ್. ಯಕೃತ್ತು ಕೊಲೆಸ್ಟ್ರಾಲಿನಿಂದ ಪಿತ್ತಾಮ್ಲಗಳನ್ನು ತಯಾರಿಸುತ್ತದೆ. ಬೀಟಾ-ಗ್ಲೂಕನ್ ಕರುಳಿನಲ್ಲಿ ಈ ಆಮ್ಲಗಳನ್ನು ಹಿಡಿದು ಮಲದೊಂದಿಗೆ ಹೊರಗೆ ಸಾಗಿಸುತ್ತದೆ. ಕಳೆದುಹೋದುದನ್ನು ತುಂಬಲು ಯಕೃತ್ತು ರಕ್ತದಿಂದ ಇನ್ನಷ್ಟು ಕೊಲೆಸ್ಟ್ರಾಲನ್ನು ಎಳೆದುಕೊಳ್ಳುತ್ತದೆ. ಹೀಗೆ ರಕ್ತದ ಕೆಟ್ಟ ಕೊಲೆಸ್ಟ್ರಾಲ್ ಇಳಿಯುತ್ತದೆ. ದಿನಕ್ಕೆ 3 ಗ್ರಾಂ ಬೀಟಾ-ಗ್ಲೂಕನ್ ಸೇವನೆಯಿಂದ ಈ ಪರಿಣಾಮ ದೊರೆಯುತ್ತದೆಂದು ಒಪ್ಪಿ, ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2006ರಲ್ಲಿ ಬಾರ್ಲಿಯ ಪೊಟ್ಟಣಗಳ ಮೇಲೆ ಹೃದಯದ ಆರೋಗ್ಯದ ಹೇಳಿಕೆಯನ್ನು ಮುದ್ರಿಸಲು ಅನುಮತಿ ನೀಡಿತು. ಬಾರ್ಲಿಯಲ್ಲಿ ಸಾಮಾನ್ಯವಾಗಿ ನೂರಕ್ಕೆ 4ರಿಂದ 5ರಷ್ಟು ಬೀಟಾ-ಗ್ಲೂಕನ್ ಇರುವುದರಿಂದ ದಿನಕ್ಕೆ 60ರಿಂದ 75 ಗ್ರಾಂ ಕಾಳು ಈ ಪ್ರಮಾಣವನ್ನು ಒದಗಿಸುತ್ತದೆ. ಇಳಿಕೆ ಸಾಧಾರಣವಾದದ್ದು; ವೈದ್ಯರು ಕೊಟ್ಟ ಮಾತ್ರೆಗೆ ಇದು ಬದಲಿಯಲ್ಲ.

ಮೂರನೆಯದು ಕರುಳಿನ ಆರೋಗ್ಯ. ಜೀರ್ಣವಾಗದ ನಾರನ್ನು ದೊಡ್ಡ ಕರುಳಿನ ಉಪಕಾರಿ ಸೂಕ್ಷ್ಮಜೀವಿಗಳು ಹುದುಗಿಸಿ ಸಣ್ಣ ಕೊಬ್ಬಿನಾಮ್ಲಗಳನ್ನು ಉತ್ಪಾದಿಸುತ್ತವೆ. ಇವು ಕರುಳಿನ ಒಳಪದರಕ್ಕೆ ಆಹಾರವಾಗುತ್ತವೆ. ಮಲಬದ್ಧತೆಯೂ ತಗ್ಗುತ್ತದೆ. ರಾತ್ರಿ ಬಾರ್ಲಿ ಕಾಳನ್ನು ಉಂಡವರಲ್ಲಿ ಮರುದಿನ ಬೆಳಗಿನ ಉಪಾಹಾರದ ನಂತರವೂ ಸಕ್ಕರೆಯ ಏರಿಕೆ ಕಡಿಮೆಯಿರುತ್ತದೆಂದು ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದ್ದಾರೆ. ಅದಕ್ಕೆ ಕಾರಣವೂ ಕರುಳಿನ ಈ ಹುದುಗುವಿಕೆಯೇ.

ನಾಲ್ಕನೆಯದು ತೃಪ್ತಿ. ನೀರು ಹೀರಿ ಉಬ್ಬಿದ ಕಾಳು ಹೊಟ್ಟೆ ತುಂಬಿದ ಭಾವವನ್ನು ಹೆಚ್ಚು ಹೊತ್ತು ಉಳಿಸುತ್ತದೆ. ಬೇಯಿಸಿದ 100 ಗ್ರಾಂ ಪರ್ಲ್ ಬಾರ್ಲಿಯಲ್ಲಿ ಸುಮಾರು 123 ಕಿಲೋಕ್ಯಾಲರಿ ಮಾತ್ರ ಇದೆ. ತೂಕ ಇಳಿಸಬೇಕಾದವರಿಗೆ ಇದು ಅನುಕೂಲ.

ಬಾರ್ಲಿ ನೀರು: ಏನು ನಿಜ, ಎಷ್ಟು ನಿಜ?

ನಮ್ಮಲ್ಲಿ ಬಾರ್ಲಿ ಎಂದರೆ ಬಾರ್ಲಿ ನೀರು. ಜ್ವರ, ಉರಿಮೂತ್ರ, ಬೇಸಿಗೆಯ ದಾಹ ಎಲ್ಲಕ್ಕೂ ಇದೇ ಉಪಚಾರ. ಇದು ನಿರುಪಯುಕ್ತವಲ್ಲ. ಬಾಯಿಗೆ ಹಿತವಾದ, ಹೊಟ್ಟೆಗೆ ಹಗುರಾದ ಪಾನೀಯವಾದ್ದರಿಂದ ರೋಗಿಯ ದೇಹಕ್ಕೆ ನೀರು ಹೋಗುತ್ತದೆ. ಮೂತ್ರದ ಹರಳು ಇರುವವರಿಗೆ ಅತಿ ಅಗತ್ಯವಾದುದು ದಿನವಿಡೀ ಸಾಕಷ್ಟು ನೀರು ಕುಡಿಯುವುದು. ಬಾರ್ಲಿ ನೀರಿನ ಬಹುಪಾಲು ಪ್ರಯೋಜನ ಅದರೊಳಗಿನ ನೀರಿನದೇ. ದೊಡ್ಡ ಹರಳನ್ನು ಅದು ಕರಗಿಸುವುದಿಲ್ಲ. ಜ್ವರ, ಚಳಿ, ಬೆನ್ನಿನ ಬದಿಯ ನೋವು ಕೂಡಿದ ಮೂತ್ರದ ಸೋಂಕಿಗೆ ಬಾರ್ಲಿ ನೀರನ್ನು ನಂಬಿ ದಿನ ಕಳೆಯುವುದು ಮೂತ್ರಪಿಂಡಕ್ಕೆ ಅಪಾಯ. ಅದಕ್ಕೆ ವೈದ್ಯಕೀಯ ಚಿಕಿತ್ಸೆಯೇ ಬೇಕು.

ಮಧುಮೇಹಿಗಳು ಇನ್ನೊಂದು ಅಂಶವನ್ನು ಗಮನಿಸಬೇಕು. ಸೋಸಿದ ತಿಳಿನೀರಿನಲ್ಲಿ ನಾರಿನ ಒಂದು ಅಲ್ಪಭಾಗ ಮಾತ್ರ ಇಳಿದಿರುತ್ತದೆ. ಉಳಿದುದೆಲ್ಲ ಜರಡಿಯಲ್ಲಿ ನಿಂತ ಕಾಳಿನಲ್ಲಿದೆ. ಆ ನೀರಿಗೆ ಎರಡು ಚಮಚ ಸಕ್ಕರೆ ಸೇರಿಸಿದರೆ ಅದು ಮಧುಮೇಹಕ್ಕೆ ಪಥ್ಯವಾಗದು, ಅಪಥ್ಯವಾಗುತ್ತದೆ. ಬೆಲ್ಲ ಅಥವಾ ಜೇನು ಸೇರಿಸಿದರೂ ಫಲ ಅದೇ. ಬಾಟಲಿಗಳಲ್ಲಿ ಸಿಗುವ ಸಿಹಿ ಬಾರ್ಲಿ ಪಾನೀಯಗಳಿಗೂ ಈ ಮಾತು ಅನ್ವಯಿಸುತ್ತದೆ.

ಸರಿಯಾದ ಕ್ರಮ ಹೀಗಿದೆ: ನಾಲ್ಕು ದೊಡ್ಡ ಚಮಚ ಪರ್ಲ್ ಬಾರ್ಲಿಯನ್ನು ತೊಳೆದು, ಒಂದು ಲೀಟರ್ ನೀರಿನಲ್ಲಿ ಸಣ್ಣ ಉರಿಯ ಮೇಲೆ 40 ನಿಮಿಷ ಕುದಿಸಬೇಕು. ಆರಿದ ಮೇಲೆ ಚಿಟಿಕೆ ಉಪ್ಪು, ನಿಂಬೆರಸ, ಬೇಕಾದರೆ ಜೀರಿಗೆ ಪುಡಿ ಬೆರೆಸಿ ಕುಡಿಯಬೇಕು. ಉಳಿದ ಕಾಳನ್ನು ಚೆಲ್ಲದೆ ಮಜ್ಜಿಗೆಗೋ ಸಾರಿಗೋ ಹಾಕಿ ಉಣ್ಣಬೇಕು. ತಯಾರಿಸಿದ ನೀರನ್ನು ಬೇಸಿಗೆಯಲ್ಲಿ ಹೊರಗೆ ಇಟ್ಟರೆ ಬೇಗ ಹುಳಿಯುತ್ತದೆ; ಅದೇ ದಿನ ಮುಗಿಸುವುದು ಒಳ್ಳೆಯದು.

ಅಡುಗೆಮನೆಯಲ್ಲಿ ಬಾರ್ಲಿ

ಮೂಲ ವಿಧಾನ: ಒಂದು ಬಟ್ಟಲು ಬಾರ್ಲಿಯನ್ನು ಎರಡು ಮೂರು ಬಾರಿ ತೊಳೆದು ನಾಲ್ಕರಿಂದ ಆರು ಗಂಟೆ ನೆನೆಸಿಡಿ. ಮೂರು ಬಟ್ಟಲು ನೀರು ಹಾಕಿ ಕುಕ್ಕರಿನಲ್ಲಿ ನಾಲ್ಕೈದು ಸೀಟಿ ಕೂಗಿಸಿ. ತೆರೆದ ಪಾತ್ರೆಯಲ್ಲಾದರೆ ನೆನೆಸಿದ ಕಾಳಿಗೆ ಅರ್ಧ ಗಂಟೆ, ನೆನೆಸದ ಕಾಳಿಗೆ ಮುಕ್ಕಾಲು ಗಂಟೆ ಬೇಕು. ಒಂದು ಬಟ್ಟಲು ಕಾಳು ಬೆಂದಾಗ ಮೂರು ಬಟ್ಟಲಿನಷ್ಟಾಗುತ್ತದೆ. ಬೆಂದ ಕಾಳು ಮೆತ್ತಗಾದರೂ ಅನ್ನದಂತೆ ಕರಗುವುದಿಲ್ಲ, ಜಗಿಯಲು ಸಿಗುತ್ತದೆ. ಮೊದಲ ಸಲ ಉಣ್ಣುವವರಿಗೆ ಇದು ಬೇಯದಂತೆ ತೋರಬಹುದು. ಅದರ ಸ್ವಭಾವವೇ ಹಾಗೆ.

ಅನ್ನದ ಬದಲಿಗೆ: ಬೇಳೆ ಸಾರು, ಕಟ್ಟಿನ ಸಾರು, ಪುಂಡಿಪಲ್ಯ ಯಾವುದರೊಂದಿಗಾದರೂ ಬಿಸಿ ಬಾರ್ಲಿ ಹೊಂದುತ್ತದೆ. ಮನೆಯವರಿಗೆ ರೂಢಿಯಾಗುವ ತನಕ ಅರ್ಧ ಅಕ್ಕಿ, ಅರ್ಧ ಬಾರ್ಲಿ ಮಾಡಬಹುದು. ಬಾರ್ಲಿ ಮುಕ್ಕಾಲು ಬೆಂದ ಮೇಲೆ ಅಕ್ಕಿಯನ್ನು ಹಾಕಿದರೆ ಎರಡೂ ಒಟ್ಟಿಗೆ ಹದವಾಗುತ್ತವೆ.

ಮಜ್ಜಿಗೆ ಅಂಬಲಿ: ಮೆತ್ತಗೆ ಬೇಯಿಸಿದ ಒಂದು ಬಟ್ಟಲು ಬಾರ್ಲಿಯನ್ನು ಸ್ವಲ್ಪ ಕಿವುಚಿ, ಎರಡು ಬಟ್ಟಲು ಮಜ್ಜಿಗೆ, ಉಪ್ಪು, ಜಜ್ಜಿದ ಬೆಳ್ಳುಳ್ಳಿ, ಕೊತ್ತಂಬರಿ ಬೆರೆಸಬೇಕು. ಜೋಳದ ಅಂಬಲಿ ಬಲ್ಲವರಿಗೆ ಇದರ ರುಚಿ ಹೊಸದೆನಿಸದು. ಬೇಸಿಗೆಯ ಮಧ್ಯಾಹ್ನಕ್ಕೆ ಹೇಳಿ ಮಾಡಿಸಿದ ಆಹಾರ.

ಖಿಚಡಿ: ಒಂದು ಬಟ್ಟಲು ನೆನೆಸಿದ ಬಾರ್ಲಿಗೆ ಅರ್ಧ ಬಟ್ಟಲು ಹೆಸರುಬೇಳೆ, ಗಜ್ಜರಿ, ಬಟಾಣಿ, ಅರಿಷಿಣ, ನಾಲ್ಕು ಬಟ್ಟಲು ನೀರು ಸೇರಿಸಿ ಬೇಯಿಸಿ, ಜೀರಿಗೆ, ಇಂಗು, ಹಸಿಮೆಣಸಿನಕಾಯಿಯ ಒಗ್ಗರಣೆ ಕೊಡಬೇಕು. ಬೇಳೆ ಸೇರುವುದರಿಂದ ಪ್ರೋಟೀನಿನ ಗುಣಮಟ್ಟ ಹೆಚ್ಚುತ್ತದೆ. ಬಾರ್ಲಿಯಲ್ಲಿ ಕೊರತೆಯಾಗಿರುವ ಲೈಸಿನ್ ಎಂಬ ಅಮಿನೋ ಆಮ್ಲವನ್ನು ಬೇಳೆಕಾಳು ತುಂಬಿಕೊಡುತ್ತದೆ.

ಕೋಸಂಬರಿ: ಬೇಯಿಸಿ ಆರಿಸಿದ ಬಾರ್ಲಿಗೆ ಸೌತೆಕಾಯಿ, ಉಳ್ಳಾಗಡ್ಡಿ, ಮೊಳಕೆ ಹೆಸರು, ಹುರಿದ ಶೇಂಗಾ ಪುಡಿ, ನಿಂಬೆರಸ ಬೆರೆಸಿದರೆ ಸಂಜೆಯ ತಿಂಡಿಯಾಗುತ್ತದೆ.

ಹಿಟ್ಟು: ಗಿರಣಿಯಲ್ಲಿ ಬೀಸಿಸುವಾಗ ಮೂರು ಪಾಲು ಜೋಳಕ್ಕೆ ಒಂದು ಪಾಲು ಬಾರ್ಲಿ ಸೇರಿಸಬಹುದು. ರೊಟ್ಟಿ ತುಸು ಮೆತ್ತಗೆ ಬರುತ್ತದೆ. ಚಪಾತಿಯ ಗೋಧಿಗೂ ಇದೇ ಪ್ರಮಾಣ ಸಾಕು. ಥಾಲಿಪಟ್ಟಿನ ಭಾಜಣಿಗೆ ಹುರಿದು ಸೇರಿಸಬಹುದು. ಬಾರ್ಲಿ ಹಿಟ್ಟು ನೀರನ್ನು ಹೆಚ್ಚು ಹೀರುವುದರಿಂದ ನಾದುವಾಗ ನೀರು ತುಸು ಹೆಚ್ಚು ಬೇಕು. ಆದರೆ ಸಕ್ಕರೆಯ ಏರಿಕೆಯನ್ನು ತಡೆಯುವಲ್ಲಿ ಹಿಟ್ಟಿಗಿಂತ ಇಡಿ ಕಾಳೇ ಮೇಲು.

ಹುಗ್ಗಿ: ಗಡಿನಾಡಿನ ಹುಗ್ಗಿಗೆ ಖಪಲಿಯೇ ಸರಿ. ಅದನ್ನು ಕುಟ್ಟಿ ಹೊಟ್ಟು ತೆಗೆದು, ಬೆಲ್ಲ, ಗಸಗಸೆ, ಒಣಕೊಬ್ಬರಿ ಹಾಕಿ ಮಾಡುವ ಹುಗ್ಗಿ ಕೃಷ್ಣೆಯ ಎರಡೂ ದಂಡೆಗಳ, ಎರಡೂ ಭಾಷೆಗಳ ಹಬ್ಬದೂಟ. ಬಾರ್ಲಿಯಿಂದಲೂ ಅದೇ ಕ್ರಮದಲ್ಲಿ ಹುಗ್ಗಿ ಮಾಡಬಹುದು. ಲೋಳೆ ಹೆಚ್ಚಾಗಿ ಪಾಯಸದಂತೆ ಬರುತ್ತದೆ. ಧಾನ್ಯ ಯಾವುದೇ ಇರಲಿ, ಬೆಲ್ಲ ಬಿದ್ದ ಮೇಲೆ ಅದು ಮಧುಮೇಹಿಯ ಪಥ್ಯವಲ್ಲ. ‘ಜವೆಗೋಧಿ ಸಕ್ಕರೆ ಕಾಯಿಲೆಗೆ ಒಳ್ಳೆಯದು’ ಎಂಬ ಮಾತನ್ನು ನಂಬಿ ಖಪಲಿ ಹುಗ್ಗಿಯನ್ನು ತುಂಬುತಟ್ಟೆ ಉಣ್ಣುವುದು ಹೆಸರಿನ ಗೊಂದಲದ ಅತ್ಯಂತ ಹಾನಿಕರ ಫಲ.

ಹೊರಗಿನ ಜಗತ್ತಿನಲ್ಲಿ ಬಾರ್ಲಿ ರೋಗಿಯ ಆಹಾರವಾಗಿ ಉಳಿದಿಲ್ಲ. ಟಿಬೆಟ್ ಮತ್ತು ಲಡಾಖಿನಲ್ಲಿ ಹುರಿದ ಬಾರ್ಲಿಯ ಹಿಟ್ಟು ಚಹಾ, ಬೆಣ್ಣೆಯೊಂದಿಗೆ ನಿತ್ಯದ ಊಟ. ಸ್ಕಾಟ್ಲೆಂಡಿನಲ್ಲಿ ಅದು ಮಾಂಸ, ತರಕಾರಿಗಳ ಸಾರಿನ ಜೀವಾಳ. ಜಪಾನಿನಲ್ಲಿ ಹುರಿದ ಬಾರ್ಲಿಯ ಕಷಾಯವನ್ನು ಬೇಸಿಗೆಯಲ್ಲಿ ತಣ್ಣಗೆ ಕುಡಿಯುತ್ತಾರೆ.

ಖಪಲಿಯೂ ಬಾರ್ಲಿಯೂ: ಒಂದಕ್ಕೊಂದು ಬದಲಿಯೇ?

ಖಪಲಿಯೂ ಉತ್ತಮ ಧಾನ್ಯವೇ. ಸಾಮಾನ್ಯ ಗೋಧಿಗಿಂತ ಅದು ನಿಧಾನವಾಗಿ ಜೀರ್ಣವಾಗುತ್ತದೆ. ನಾರು, ಪ್ರೋಟೀನು ಎರಡೂ ಚೆನ್ನಾಗಿವೆ. ಆದರೆ ಕೊಲೆಸ್ಟ್ರಾಲ್ ಇಳಿಸುವ ಬೀಟಾ-ಗ್ಲೂಕನ್ ಗೋಧಿಯ ಜಾತಿಗಳಲ್ಲಿ ಬಾರ್ಲಿಗಿಂತ ಬಹಳ ಕಡಿಮೆ. ಆದ್ದರಿಂದ ವೈದ್ಯರು ಕೊಲೆಸ್ಟ್ರಾಲಿಗಾಗಿ ಬಾರ್ಲಿ ಸೂಚಿಸಿದ್ದರೆ ಖಪಲಿ ಅದರ ಸ್ಥಾನ ತುಂಬದು. ಚಪಾತಿ, ಉಪ್ಪಿಟ್ಟು, ಶಾವಿಗೆಗೆ ಖಪಲಿಯನ್ನು, ಅನ್ನ, ಗಂಜಿ, ಸಾರಿಗೆ ಬಾರ್ಲಿಯನ್ನು ಬಳಸುವುದು ಎರಡರ ಗುಣಕ್ಕೂ ತಕ್ಕದ್ದು.

ಯಾರು ಎಚ್ಚರಿಕೆ ವಹಿಸಬೇಕು?

ಸೀಲಿಯಾಕ್ ರೋಗಿಗಳು: ಗ್ಲುಟೆನ್ ಒಗ್ಗದ ಈ ಕಾಯಿಲೆಯವರು ಬಾರ್ಲಿಯನ್ನು ಸಂಪೂರ್ಣವಾಗಿ ಬಿಡಬೇಕು. ಬಾರ್ಲಿಯಲ್ಲಿರುವ ಹಾರ್ಡೀನ್ ಎಂಬ ಪ್ರೋಟೀನು ಇವರ ಕರುಳಿಗೆ ಹಾನಿಕಾರಕ. ಖಪಲಿಯಲ್ಲಿ ಗ್ಲುಟೆನ್ ಇಲ್ಲವೆಂಬ ಮಾತು ಕೆಲವೆಡೆ ಪ್ರಚಾರದಲ್ಲಿದೆ, ಅದು ತಪ್ಪು. ಖಪಲಿಯೂ ಗೋಧಿಯೇ. ಇವರಿಗೆ ಜೋಳ, ಸಜ್ಜೆ, ರಾಗಿ, ನವಣೆ, ಅಕ್ಕಿ ಸುರಕ್ಷಿತ. ಆದರೆ ಗೋಧಿ ಬೀಸಿದ ಗಿರಣಿಯಲ್ಲೇ ಜೋಳ ಬೀಸಿಸಿದರೆ ಹಿಟ್ಟು ಬೆರೆಯುತ್ತದೆ ಎಂಬುದನ್ನು ಮರೆಯಬಾರದು.

ಮೂತ್ರಪಿಂಡದ ವೈಫಲ್ಯವಿರುವವರು: ನೀರಿನ ಪ್ರಮಾಣಕ್ಕೆ ಮಿತಿ ಇರುವವರಿಗೆ ಬಾರ್ಲಿ ನೀರೂ ನೀರೇ, ಅದನ್ನು ದಿನದ ಲೆಕ್ಕಕ್ಕೆ ಸೇರಿಸಬೇಕು. ಕಾಳಿನಲ್ಲಿ ಪೊಟ್ಯಾಸಿಯಂ, ರಂಜಕ ಇರುವುದರಿಂದ ವೈದ್ಯರನ್ನು ಕೇಳದೆ ಆರಂಭಿಸಬಾರದು.

ಇನ್ಸುಲಿನ್ ಅಥವಾ ಸಕ್ಕರೆ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರು: ಅನ್ನದ ಬದಲು ಬಾರ್ಲಿ ಉಣ್ಣತೊಡಗಿದಾಗ ಸಕ್ಕರೆ ನಿರೀಕ್ಷೆಗಿಂತ ಕಡಿಮೆಯಾಗಬಹುದು. ಮೊದಲ ಕೆಲವು ದಿನ ಪರೀಕ್ಷಿಸಿಕೊಂಡು, ಅಗತ್ಯವಿದ್ದರೆ ವೈದ್ಯರಿಂದ ಔಷಧದ ಪ್ರಮಾಣವನ್ನು ಸರಿಪಡಿಸಿಕೊಳ್ಳಬೇಕು.

ಹೊಟ್ಟೆ ಅಥವಾ ಕರುಳಿನ ಶಸ್ತ್ರಚಿಕಿತ್ಸೆಯಾದವರು: ಸೋಸಿದ ನೀರು ಬೇರೆ, ನಾರು ತುಂಬಿದ ಕಾಳು ಬೇರೆ. ಒಂದಕ್ಕೆ ಅನುಮತಿ ಸಿಕ್ಕಿತೆಂದು ಇನ್ನೊಂದನ್ನು ಕೊಡಬಾರದು. ರೋಗಿಯನ್ನು ಮನೆಗೆ ಕಳಿಸುವಾಗ ‘ಬಾರ್ಲಿ ಕೊಡಿ’ ಎಂದರೆ, ನೀರೋ ಕಾಳೋ ಎಂದು ಸ್ಪಷ್ಟವಾಗಿ ಕೇಳಿ ಬರೆಸಿಕೊಳ್ಳಬೇಕು.

ಹಸುಗೂಸುಗಳು: ಮೊದಲ ಆರು ತಿಂಗಳು ಎದೆಹಾಲಿನ ಹೊರತು ಬೇರೇನೂ ಬೇಡ, ಬಾರ್ಲಿ ನೀರೂ ಬೇಡ. ಹಾಲಿಗೆ ಬಾರ್ಲಿ ನೀರು ಬೆರೆಸಿ ಕುಡಿಸುವ ಹಳೆಯ ರೂಢಿಯಿಂದ ಮಗುವಿಗೆ ಸಿಗಬೇಕಾದ ಪೋಷಣೆ ತಪ್ಪುತ್ತದೆ.

ಉಳಿದವರೂ ನಾರನ್ನು ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆಯುಬ್ಬರ, ವಾಯು ಕಾಣಿಸಿಕೊಳ್ಳುತ್ತವೆ. ಮೊದಲ ವಾರ ವಾರಕ್ಕೆರಡು ಬಾರಿ ಅರ್ಧ ಬಟ್ಟಲು ಬೆಂದ ಕಾಳಿನಿಂದ ಆರಂಭಿಸಿ, ನೀರು ಸಾಕಷ್ಟು ಕುಡಿಯುತ್ತ, ಎರಡು ಮೂರು ವಾರಗಳಲ್ಲಿ ಪ್ರಮಾಣವನ್ನು ಏರಿಸುವುದು ಲೇಸು.

ಕೊಳ್ಳುವಿಕೆ ಮತ್ತು ಸಂಗ್ರಹ

ಕಾಳು ಒಂದೇ ಬಣ್ಣ, ಒಂದೇ ಗಾತ್ರದ್ದಾಗಿರಬೇಕು. ಹಿಟ್ಟು ಉದುರುತ್ತಿದ್ದರೆ ನುಸಿ ಹತ್ತಿದೆ ಎಂದರ್ಥ. ಮುಗ್ಗಲು ವಾಸನೆ ಇರಬಾರದು. ಗಾಳಿಯಾಡದ ಡಬ್ಬಿಯಲ್ಲಿ, ತೇವವಿಲ್ಲದ ಜಾಗದಲ್ಲಿ ಹಲವು ತಿಂಗಳು ಕೆಡದೆ ಉಳಿಯುತ್ತದೆ. ಕೃಷ್ಣಾ ತೀರದ ಮಳೆಗಾಲದ ತೇವದಲ್ಲಿ ಒಂದು ತಿಂಗಳಿಗೆ ಬೇಕಾದಷ್ಟನ್ನೇ ತರುವುದು ಉಚಿತ. ಹಿಟ್ಟು ಮಾಡಿಸಿದರೆ ಎರಡು ಮೂರು ವಾರಗಳಲ್ಲಿ ಮುಗಿಸಬೇಕು.

ಸಂಕ್ಷಿಪ್ತವಾಗಿ

ವೈದ್ಯರ ಚೀಟಿಯಲ್ಲಿ ‘ಸಾತು’ ಅಥವಾ ‘ಜವ’ ಎಂದಿದ್ದರೆ ಅದು ಬಾರ್ಲಿ. ‘ಖಪಲಿ’ ಎಂದಿದ್ದರೆ ಮನೆಯ ಹಿರಿಯರು ಜವೆಗೋಧಿ ಎನ್ನುವ ಹುಗ್ಗಿಯ ಗೋಧಿ. ‘ಜವಸ’ ಎಂದಿದ್ದರೆ ಅಗಸಿ. ಅನುಮಾನವಿದ್ದಲ್ಲಿ ವೈದ್ಯರನ್ನೋ ಆಹಾರತಜ್ಞರನ್ನೋ ಮತ್ತೊಮ್ಮೆ ಕೇಳುವುದರಲ್ಲಿ ಸಂಕೋಚ ಬೇಡ. ಮರಾಠಿ ಚೆನ್ನಾಗಿ ಬಾರದ ಹಿರಿಯರೊಂದಿಗೆ ಮನೆಯ ಕಿರಿಯರೊಬ್ಬರು ಹೋಗಿ, ಧಾನ್ಯದ ಹೆಸರು, ಪ್ರಮಾಣ, ಉಣ್ಣುವ ಕ್ರಮ ಈ ಮೂರನ್ನೂ ಕನ್ನಡದಲ್ಲಿ ಬರೆದಿಟ್ಟುಕೊಳ್ಳಬೇಕು. ಜೋಳದ ರೊಟ್ಟಿಯನ್ನು ಬಿಡದೆ, ಅನ್ನದ ಪಾಲಿನಲ್ಲಿ ಬಾರ್ಲಿ ಕಾಳನ್ನು ಸೇರಿಸಿ, ಸಕ್ಕರೆಯಿಲ್ಲದೆ ಉಂಡರೆ ಈ ಧಾನ್ಯದ ಪೂರ್ಣ ಪ್ರಯೋಜನ ದೊರೆಯುತ್ತದೆ.